ನಾನು ಯಾವ ಪಕ್ಷದವನು?

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ತಮ್ಮನ ಮಗನು ಬೆಂಗಳೂರಿನಿಂದ ನಮ್ಮ ಊರಿಗೆ ಬಂದಿದ್ದನು. ಒಂದು ಸಂಜೆ ಜಗಲಿಯ ಮೇಲೆ ಕುಳಿತು ತನ್ನ ಮೊಬೈಲನ್ನು ನೋಡುತ್ತಿದ್ದವನು ಇದ್ದಕ್ಕಿದ್ದಂತೆ, "ದೊಡ್ಡಪ್ಪ, ನೀವು ಎಡಪಂಥದವರೋ ಬಲಪಂಥದವರೋ?" ಎಂದು ಕೇಳಿದನು. ನನಗೆ ಥಟ್ಟನೆ ಉತ್ತರವು ತೋಚಲಿಲ್ಲ. "ತೋಚದಿದ್ದರೆ ಚಿಂತೆಯಿಲ್ಲ, ಇದೇ ಹೇಳುತ್ತದೆ" ಎಂದು ಅವನು ಅದರಲ್ಲಿದ್ದ ಒಂದು ಪ್ರಶ್ನಾವಳಿಯನ್ನು ಓದತೊಡಗಿದನು. ನಾನು ಯಾವುದನ್ನೂ ಮರೆಮಾಚದೆ ಉತ್ತರಿಸಿದೆನು. ಕೊನೆಗೆ ಬಂದ ತೀರ್ಪಿನಂತೆ ನಾನು ಮಧ್ಯಮಪಂಥದವನು. ಅಂದರೆ ಯಾವ ವಿಷಯದಲ್ಲಿಯೂ ಬಿಗಿಯಾದ ಅಭಿಪ್ರಾಯವಿಲ್ಲದ ಸಾಧು ಮನುಷ್ಯನು. ಒಳಗಿನಿಂದ ಇದನ್ನು ಕೇಳಿಸಿಕೊಂಡ ನನ್ನ ಮನೆಯವರು ನಕ್ಕ ನಗೆಯು ಇನ್ನೂ ನನ್ನ ಕಿವಿಯಲ್ಲಿದೆ.

ನನ್ನ ಅಭಿಪ್ರಾಯಗಳೇನೆಂಬುದನ್ನು ವಾಚಕರೇ ನೋಡಬಹುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ತಂದೆಯವರು ಗೇಣಿಗೆ ಕೊಟ್ಟಿದ್ದ ಗದ್ದೆಯು ಉಳುವವರ ಪಾಲಾಯಿತು. ಆಗ ನಾನು ಹೈಸ್ಕೂಲಿನ ಹುಡುಗ. ಮನೆಯಲ್ಲಿ ಕಣ್ಣೀರಿಟ್ಟದ್ದನ್ನು ಕಂಡಿದ್ದೇನೆ. ಆದರೂ ಅದು ನ್ಯಾಯವಾದ ಶಾಸನವೆಂದೇ ನನ್ನ ದೃಢವಾದ ನಂಬಿಕೆ. ನಮ್ಮ ಊರಿನ ದೇವಸ್ಥಾನದ ಉತ್ಸವವು ಹಿಂದಿನ ಕ್ರಮದಲ್ಲಿಯೇ ನಡೆಯಬೇಕು, ಆದರೆ ಗರ್ಭಗುಡಿಯ ಹೊಸ್ತಿಲವರೆಗೆ ಎಲ್ಲರಿಗೂ ಸಮನಾದ ಪ್ರವೇಶವಿರಬೇಕು. ಒಂದು ಹಿಟ್ಟಿನ ಗಿರಣಿಯನ್ನು ಇಡಲು ಬಡವನೊಬ್ಬನು ನಾಲ್ಕು ಕಚೇರಿಗಳಿಗೆ ಅಲೆಯುವುದು ಅನ್ಯಾಯ. ಮಕ್ಕಳ ಶಾಲೆಯನ್ನು ಮಾತ್ರ ಸರ್ಕಾರವೇ ನಡೆಸಬೇಕು, ಕನ್ನಡದಲ್ಲಿ ನಡೆಸಬೇಕು. ಮದ್ಯವನ್ನು ಸಂಪೂರ್ಣವಾಗಿ ನಿಷೇಧಿಸಬೇಕು. ಇವುಗಳಲ್ಲಿ ಯಾವುದು ಮೆತ್ತನೆಯ ಅಭಿಪ್ರಾಯ? ಬೆಲ್ಲವನ್ನೂ ಹುಣಿಸೆಯನ್ನೂ ಹಾಕಿದ ಸಾರು ಸಿಹಿಯೂ ಹುಳಿಯೂ ಆಗಿರುತ್ತದೆಯೇ ಹೊರತು ಸಪ್ಪೆಯಾಗುವುದಿಲ್ಲವಷ್ಟೆ. ಆ ಪ್ರಶ್ನಾವಳಿಯು ಎಡಕ್ಕೆ ವಾಲಿದ್ದನ್ನೂ ಬಲಕ್ಕೆ ವಾಲಿದ್ದನ್ನೂ ಕೂಡಿ ಭಾಗಿಸಿ ನನ್ನನ್ನು ಸಪ್ಪೆ ಮಾಡಿಬಿಟ್ಟಿತು.

ಎಡಬಲಗಳೆಂಬ ಹೆಸರುಗಳಾದರೂ ಹುಟ್ಟಿದ್ದು ಹೇಗೆ? 1789ರಲ್ಲಿ ಫ್ರಾನ್ಸಿನ ಜನಪ್ರತಿನಿಧಿಸಭೆಯಲ್ಲಿ, ಸಭೆಯ ನಿರ್ಣಯವನ್ನು ತಡೆಯುವ ಅಧಿಕಾರವು ದೊರೆಗೆ ಇರಬೇಕೆ ಬೇಡವೆ ಎಂಬ ಚರ್ಚೆಯು ನಡೆದಾಗ ದೊರೆಯ ಕಡೆಯವರು ಅಧ್ಯಕ್ಷರ ಬಲಗಡೆಯಲ್ಲಿಯೂ ವಿರೋಧಿಗಳು ಎಡಗಡೆಯಲ್ಲಿಯೂ ಕುಳಿತರು. ಅಂದಿನ ಆಸನಗಳ ಏರ್ಪಾಡೇ ಇಂದಿಗೂ ನಮ್ಮ ತಲೆಯ ಮೇಲೆ ಕುಳಿತಿದೆ! ಶಬ್ದಗಳಲ್ಲಿ ಯೌಗಿಕವೆಂದೂ ರೂಢವೆಂದೂ ಭೇದವುಂಟು. 'ಕುಶಲ' ಎಂದರೆ ಮೂಲದಲ್ಲಿ ದರ್ಭೆಯನ್ನು ಕೊಯ್ದು ತರುವವನು. ಈಗ ಜಾಣನಾದವನೆಲ್ಲ ಕುಶಲನೇ, ಕೈಯಲ್ಲಿ ದರ್ಭೆಯಿರಬೇಕಾಗಿಲ್ಲ. ರಾಜಕೀಯದ ಹೆಸರುಗಳು ಬಹುಮಟ್ಟಿಗೆ ಇಂತಹ ರೂಢಶಬ್ದಗಳು. ಅಮೆರಿಕದಲ್ಲಿ 'ಲಿಬರಲ್' ಎಂದರೆ ಎಡಗಡೆಯವನು. ಆಸ್ಟ್ರೇಲಿಯದಲ್ಲಿ ಲಿಬರಲ್ ಪಕ್ಷವೇ ಬಲಗಡೆಯದು. 'ಪಕ್ಷ' ಎಂಬ ಮಾತೂ ಹಾಗೆಯೇ. ನ್ಯಾಯಶಾಸ್ತ್ರದಲ್ಲಿ, ಸಾಧಿಸಬೇಕಾದ ಸಂಗತಿಯು ಇದೆಯೋ ಇಲ್ಲವೋ ಎಂಬ ಸಂದೇಹವು ಎಲ್ಲಿ ಇನ್ನೂ ಉಳಿದಿದೆಯೋ ಅದಕ್ಕೆ ಪಕ್ಷವೆಂದು ಹೆಸರು. ಈಗಿನ ಪಕ್ಷಗಳಲ್ಲಿ ಸಂದೇಹವೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ.

ಇದು ಬರಿಯ ಶಬ್ದವಿಚಾರವಾಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ನಾನು ನಿವೃತ್ತನಾದ ವರ್ಷ ನಮ್ಮ ಊರಿನಲ್ಲಿ ಗ್ರಾಮ ಪಂಚಾಯತಿಯ ಚುನಾವಣೆಯು ನಡೆಯಿತು. ನಮ್ಮ ರಾಜ್ಯದಲ್ಲಿ ಈ ಚುನಾವಣೆಗೆ ಪಕ್ಷದ ಚಿಹ್ನೆಗಳಿಲ್ಲ. ಆದರೆ ಯಾರು ಯಾರ ಕಡೆಯೆಂಬುದನ್ನು ಹಾಲು ಹಾಕುವ ಹುಡುಗನೂ ಬಲ್ಲನು. ಮೂವತ್ತು ವರ್ಷ ನನ್ನೊಡನೆ ಪಾಠ ಹೇಳಿದ ಮಿತ್ರರೊಬ್ಬರು ಒಂದು ಕಡೆಯ ಮುಖಂಡರಾಗಿದ್ದರು. ಅವರ ಕಡೆಯವರು ಕೆರೆಯಂಗಳದ ಮೂಲೆಯೊಂದಕ್ಕೆ ಮಣ್ಣು ತುಂಬಿ ಅಂಗಡಿಸಾಲನ್ನು ಕಟ್ಟಿಸುವ ಆಲೋಚನೆಯಲ್ಲಿದ್ದರು. ಇದೊಂದು ಕೂಡದೆಂದು ನಾನು ಅವರ ಮುಖದೆದುರೇ ಹೇಳಿದೆನು. ಮೂರನೆಯ ದಿನ ಎದುರು ಕಡೆಯವರ ಕರಪತ್ರದಲ್ಲಿ ನನ್ನ ಹೆಸರು ಅಚ್ಚಾಗಿತ್ತು, "ಹಿರಿಯರಾದ ಮೇಷ್ಟ್ರು ನಮ್ಮೊಡನಿದ್ದಾರೆ" ಎಂದು! ನನ್ನನ್ನು ಒಂದು ಮಾತು ಕೇಳಿದವರಿಲ್ಲ. ನಾನು ಹೋಗಿ ಆಕ್ಷೇಪಿಸಿದರೆ, "ಅವರ ಕಡೆ ಅಲ್ಲ ಅಂದಮೇಲೆ ನಮ್ಮ ಕಡೆ ತಾನೆ ಸಾರ್?" ಎಂದರು. ಅಂದಿನಿಂದ ಆ ಮಿತ್ರರು ಬೆಳಗಿನ ಸಂಚಾರಕ್ಕೆ ನಮ್ಮ ಬಾಗಿಲಿಗೆ ಬರುವುದನ್ನು ನಿಲ್ಲಿಸಿದರು. ಹೆಸರನ್ನು ನಾವೇ ಆರಿಸಿಕೊಳ್ಳದಿದ್ದರೆ ಇತರರು ಇಡುತ್ತಾರೆ ಎಂಬುದು ನನಗೆ ಆಗ ತಿಳಿಯಿತು.

ಆ ದಿನಗಳಲ್ಲಿ ನಾನು ರಾಜಾಜಿಯವರ ಚರಿತ್ರೆಯನ್ನು ಮತ್ತೆ ತೆಗೆದು ಓದಿದೆನು. ಸೇಲಂ ಸೀಮೆಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಚಕ್ರವರ್ತಿ ರಾಜಗೋಪಾಲಾಚಾರ್ಯರಿಗೆ ಯಾವ ಹೆಸರನ್ನು ಕೊಡಬಹುದು? 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದಾಗ ಸೇಲಂ ಜಿಲ್ಲೆಯಲ್ಲಿ ಮದ್ಯನಿಷೇಧವನ್ನು ಜಾರಿಗೆ ತಂದರು. 1939ರಲ್ಲಿ ದೇವಾಲಯಪ್ರವೇಶದ ಶಾಸನವನ್ನು ಮಾಡಿಸಿದರು, ಸನಾತನಿಗಳು ಸಿಡಿಮಿಡಿಗೊಂಡರು. ಕಾಂಗ್ರೆಸ್ಸಿನ ಅಗ್ರಗಣ್ಯರಾಗಿದ್ದೂ 1942ರ ಕ್ವಿಟ್ ಇಂಡಿಯಾ ಚಳವಳಿಯನ್ನು ಒಪ್ಪದೆ ಹೊರಗೆ ನಿಂತರು. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ನಿಯಂತ್ರಣವನ್ನು ಕಿತ್ತುಹಾಕಿದರು. ಶಾಲೆಗಳಿಗೆ ಹಿಂದಿಯನ್ನು ಕಡ್ಡಾಯವಾಗಿ ತಂದವರೂ ಅವರೇ. 1965ರ ವೇಳೆಗೆ ಹಿಂದಿಯೊಂದೇ ಆಡಳಿತಭಾಷೆಯಾಗಕೂಡದೆಂದು ವಾದಿಸಿದವರೂ ಅವರೇ. ಸರ್ಕಾರವು ವ್ಯಾಪಾರಿಯ ಕೈಕಟ್ಟುವುದನ್ನು ಖಂಡಿಸಿದ ಅದೇ ಮನುಷ್ಯನು 1962ರಲ್ಲಿ ಅಮೆರಿಕಕ್ಕೆ ಹೋಗಿ, ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಕೆನೆಡಿಯವರನ್ನು ಕೇಳಿದನು. ಇದನ್ನೆಲ್ಲ ಕೂಡಿ ಭಾಗಿಸಿದರೆ ರಾಜಾಜಿಯೂ ಮಧ್ಯಮಪಂಥದವರೇ ಆದಾರು!

ಅವರು ಮಾಡಿದ್ದೆಲ್ಲವೂ ಸರಿಯೆಂದು ನಾನು ಹೇಳುವುದಿಲ್ಲ. ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಉಳಿದ ಹೊತ್ತು ಮನೆಯ ಕಸುಬಿನಲ್ಲಿ ಎಂಬ ಅವರ 1953ರ ಯೋಜನೆಯು ಉಪಾಧ್ಯಾಯನಾದ ನನಗೆ ಕಿಂಚಿತ್ತೂ ಒಪ್ಪಿಗೆಯಿಲ್ಲ. ಕುಂಬಾರನ ಮಗನನ್ನು ಮಧ್ಯಾಹ್ನ ತಿಗರಿಯ ಮುಂದೆ ಕೂರಿಸಿದರೆ ಅವನು ಯಾವಾಗ ಏಳುವನು?

ಆದರೆ 1959ರಲ್ಲಿ, ಎಂಬತ್ತು ವರ್ಷ ತುಂಬಿದ ಮೇಲೆ, ಅವರು ಕಟ್ಟಿದ ಸ್ವತಂತ್ರ ಪಕ್ಷದ ಒಂದು ಕಟ್ಟಳೆಯು ನನ್ನ ಮನಸ್ಸನ್ನು ಹಿಡಿಯಿತು. ಆ ಪಕ್ಷವು 21 ಮೂಲತತ್ತ್ವಗಳನ್ನು ಪ್ರಕಟಿಸಿತು. ಅವುಗಳಲ್ಲಿ ಕೊನೆಯದರ ತಾತ್ಪರ್ಯವಿಷ್ಟೆ: ಮೇಲೆ ಹೇಳಿದ ತತ್ತ್ವಗಳಿಗೆ ಸೇರದ ವಿಷಯಗಳಲ್ಲಿ ಸದಸ್ಯರು ತಮತಮಗೆ ತೋರಿದಂತೆ ಅಭಿಪ್ರಾಯವನ್ನಿಡಲು ಸ್ವತಂತ್ರರು. ಆದುದರಿಂದಲೇ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಸ್ಥಾಪಿಸಿದವರಲ್ಲೊಬ್ಬರಾದ ಮೀನೂ ಮಸಾನಿಯವರು, ರೈತನಾಯಕರಾದ ರಂಗಾ ಅವರು, ಮುನ್ಷಿಯವರು, ಮಾಜಿ ಸಂಸ್ಥಾನಿಕರು ಎಲ್ಲರೂ ಒಂದೇ ಚಾವಣಿಯ ಕೆಳಗೆ ಕೂರಲು ಸಾಧ್ಯವಾಯಿತು. ಲೋಕಸಭೆಯಲ್ಲಿ 1962ರಲ್ಲಿ 18 ಸ್ಥಾನಗಳೂ 1967ರಲ್ಲಿ 44 ಸ್ಥಾನಗಳೂ ಅದಕ್ಕೆ ದೊರೆತುವು. ರಾಜಾಜಿಯವರು 1972ರ ಡಿಸೆಂಬರಿನಲ್ಲಿ ತೀರಿಕೊಂಡರು. 1974ರಲ್ಲಿ ಪಕ್ಷವು ಬೇರೊಂದರಲ್ಲಿ ಲೀನವಾಯಿತು. ಅಷ್ಟು ಸಡಿಲವಾಗಿ ಕಟ್ಟಿದ ಹೊರೆಯು ದೂರದ ದಾರಿಗೆ ನಿಲ್ಲಲಾರದೆಂದು ಹೇಳುವವರಿದ್ದಾರೆ. ಇರಬಹುದು.

ಶಾಸನಸಭೆಯಲ್ಲಿ ಕುಳಿತವರಿಗೆ ಪಕ್ಷದ ಅಂಕೆಯು ಅನಿವಾರ್ಯ. 1985ರ ಸಂವಿಧಾನ ತಿದ್ದುಪಡಿಯ ಮೇಲಂತೂ ಪಕ್ಷದ ಆಜ್ಞೆಯನ್ನು ಮೀರಿ ಮತ ಹಾಕಿದ ಸದಸ್ಯನು ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದರೆ ಜಗಲಿಯ ಮೇಲೆ ಕುಳಿತ ಗೃಹಸ್ಥನಿಗೆ ಆ ಕಟ್ಟಿಲ್ಲ. ಅವನು ಐದು ವರ್ಷಕ್ಕೊಮ್ಮೆ ಒಂದು ಗುಂಡಿಯನ್ನು ಒತ್ತಬೇಕಾದುದು ನಿಜ. ಅಂದು, ತನ್ನ ಐದು ಅಭಿಪ್ರಾಯಗಳಲ್ಲಿ ಈ ಸಲ ಯಾವುದು ಮುಂದೆ ನಿಲ್ಲಬೇಕೆಂದು ತೂಗಿ ನೋಡಿ ಒತ್ತುತ್ತಾನೆ. ಆ ಒಂದು ಗುಂಡಿಯ ಹೆಸರನ್ನು ಉಳಿದ ನಾಲ್ಕು ಅಭಿಪ್ರಾಯಗಳಿಗೂ ಅಂಟಿಸಬೇಕಾದ ಕಾರಣವೇನು? ಈಗ ಯಾರಾದರೂ ನನ್ನ ಪಕ್ಷವನ್ನು ಕೇಳಿದರೆ, "ಯಾವ ವಿಷಯದಲ್ಲಿ?" ಎಂದು ಕೇಳುತ್ತೇನೆ. ಕೆಲವರಿಗೆ ಇದು ಜಾರಿಕೊಳ್ಳುವ ಉಪಾಯವೆಂದು ತೋರುತ್ತದೆ. ಆದರೆ ವಿಷಯವನ್ನು ಹೇಳಿದವರಿಗೆ ನಾನು ಉತ್ತರವನ್ನು ಕೊಡದೆ ಬಿಟ್ಟಿಲ್ಲ. ಅನೇಕರಿಗೆ ಅದು ಬೇಕಾದುದಕ್ಕಿಂತ ಹೆಚ್ಚಾಗಿಯೇ ದೊರೆತಿದೆ.

ಆ ಮಿತ್ರರ ವಿಷಯವನ್ನು ಅರ್ಧಕ್ಕೆ ಬಿಟ್ಟೆನು. ಅವರು ಒಂದು ವರ್ಷಕ್ಕೂ ಮೀರಿ ಮಾತಾಡಲಿಲ್ಲ. ಒಂದು ಯುಗಾದಿಯ ಮರುದಿನ ಬೆಳಗ್ಗೆ ಕೈಯಲ್ಲೊಂದು ಕಾಗದದ ಸುರುಳಿಯನ್ನು ಹಿಡಿದು ಬಂದು ಬಾಗಿಲಲ್ಲಿ ನಿಂತರು. ನನ್ನ ಮನೆಯವರು ಹಿಂದಿನ ದಿನ ಉಳಿದಿದ್ದ ಬೇವುಬೆಲ್ಲವನ್ನು ತಂದುಕೊಟ್ಟರು.

"ಕೆರೆಯ ವಿಷಯದಲ್ಲಿ ನೀವು ಮಾಡಿದ್ದು ತಪ್ಪು ಅಂತಲೇ ಈಗಲೂ ಹೇಳುತ್ತೇನೆ, ಮೇಷ್ಟ್ರೇ" ಎಂದರು.

"ಹೇಳಿ. ನಾನೂ ನನ್ನ ಮಾತನ್ನು ಬಿಟ್ಟಿಲ್ಲ."

"ಅದಿರಲಿ. ಶಾಲೆಯ ಹಿಂದಿನ ಬೀದಿಯಲ್ಲಿ ಸಾರಾಯಿ ಅಂಗಡಿ ತೆರೆಯುತ್ತಾರಂತೆ. ಅಂಗಡಿಯವನು ನಮ್ಮ ಕಡೆಯವನೇ. ಇದು ಕೂಡದು ಅಂತ ಅರ್ಜಿ ಬರೆದಿದ್ದೇನೆ. ಮೊದಲನೆಯ ರುಜು ನಿಮ್ಮದಾಗಬೇಕು."

ನಾನು ಕನ್ನಡಕವನ್ನು ಹಾಕಿಕೊಂಡು ಅರ್ಜಿಯನ್ನು ಓದಿದೆನು. ಎರಡು ಕಡೆ ಕಾಗುಣಿತದ ತಪ್ಪಿತ್ತು. ತಿದ್ದಿ, ಕೆಳಗೆ ರುಜು ಹಾಕಿದೆನು. ಅವರು ಅದರ ಕೆಳಗೆ ತಮ್ಮದನ್ನು ಹಾಕಿ, ಮೂರನೆಯ ರುಜುವಿಗಾಗಿ ಇಬ್ಬರೂ ಎದುರುಮನೆಗೆ ಹೋದೆವು.