ಗಟ್ಟಿ ಅಲ್ಯೂಮಿನಿಯಂ ಶೀಟೇ ಒಳ್ಳೆಯದೇ?

ಅರೇಹಳ್ಳಿಯಂಥ ಕಾಫಿ ಸೀಮೆಯಲ್ಲಿ ಪಲ್ಪರ್ ಯಂತ್ರದ ಬೆಲ್ಟಿಗೆ ಹೊಸ ಮುಚ್ಚಳ ಮಾಡಿಸಬೇಕೆನ್ನಿ. ‘ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ, ಗಟ್ಟಿ ಗ್ರೇಡ್ ಹಾಕಿಸಿ ಸಾಕು’ ಎಂಬ ಸಲಹೆ ಸಿಗುತ್ತದೆ. ಇದು ಅರ್ಧ ಸತ್ಯ.

ಅಲ್ಯೂಮಿನಿಯಂ ತೂಕ ಉಕ್ಕಿನ ಸುಮಾರು ಮೂರನೇ ಒಂದು ಭಾಗ, ನಿಜ. ಆದರೆ ಗಟ್ಟಿಯಾದ 6061-ಟಿ6 ಶೀಟನ್ನು ಬಿಗಿಯಾಗಿ ಮಡಚಿದರೆ ಮಡಿಕೆಯ ಹೊರಮೈ ಬಿರುಕು ಬಿಡಬಹುದು. ಲೇಸರ್‌ನಲ್ಲಿ ಕತ್ತರಿಸುವಾಗ ಈ ದೋಷ ಕಾಣುವುದಿಲ್ಲ, ಮಡಚುವಾಗಲೇ ಗೊತ್ತಾಗುವುದು. ಬಿರುಕು ಬಿಟ್ಟ ಮುಚ್ಚಳ ಕಳಚಿದರೆ ತಿರುಗುವ ಬೆಲ್ಟಿಗೆ ಕೆಲಸಗಾರರ ಕೈ ಸಿಕ್ಕೀತು.

ಮಡಚುವ ಕೆಲಸಕ್ಕೆ 5052-ಎಚ್32 ಸೂಕ್ತ. ಇದರಲ್ಲಿ ಸುಮಾರು 2.5% ಮೆಗ್ನೀಸಿಯಂ ಇದೆ, ಬಿರುಕಿಲ್ಲದೆ ಬಾಗುತ್ತದೆ. 2 ಮಿ.ಮೀ. ಶೀಟಾದರೆ ಮಡಿಕೆಯ ಒಳ ತ್ರಿಜ್ಯ ಕನಿಷ್ಠ 2 ಮಿ.ಮೀ. ಇರಲಿ.

ಇನ್ನು ತುಕ್ಕು: ಕಬ್ಬಿಣದ ಹಾಗೆ ಕೆಂಪು ತುಕ್ಕು ಬರುವುದಿಲ್ಲ. ಆದರೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಸುಣ್ಣ ಎರಡೂ ಇವೆ. ಸುಣ್ಣ ಅಲ್ಯೂಮಿನಿಯಂನ ರಕ್ಷಣಾ ಪದರವನ್ನು ಕರಗಿಸುತ್ತದೆ, ಮೈಲುತುತ್ತದ ತಾಮ್ರ ಅದನ್ನು ಕೊರೆದು ಗುಳಿ ಮಾಡುತ್ತದೆ. ದ್ರಾವಣ ಕಲಸಲು, ತುಂಬಿಡಲು ಪ್ಲಾಸ್ಟಿಕ್ ಪಾತ್ರೆಯೇ ಸರಿ. ಮುಚ್ಚಳದ ಮೇಲೆ ಬಿದ್ದರೆ ಕೂಡಲೇ ತೊಳೆಯಿರಿ.

ಆರ್ಡರ್ ಕೊಡುವಾಗ ‘ಅಲ್ಯೂಮಿನಿಯಂ’ ಎಂದಷ್ಟೇ ಹೇಳದೆ ಗ್ರೇಡ್ ಬರೆದುಕೊಡಿ ಎನ್ನುವುದು ನಮ್ಮ ಸಲಹೆ.