ಆಫ್ರಿಕಾ ಸಫಾರಿಯೂ ಜಗಳೂರಿನ ಕೊಂಡುಕುರಿಯೂ

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಸದಸ್ಯ ಬಾಂಧವರಲ್ಲಿ ಕೆಲವರು ಮನೆಮಂದಿಯೊಡನೆ ಕೀನ್ಯಾ, ಟಾಂಜಾನಿಯಾ ನೋಡಿಬರುವ ಮಾತಾಡುವುದುಂಟು. ಹೋಗಿಬರಲಿ, ಸಂತೋಷ. ಆದರೆ ತೋಟಗಾರನ ಪ್ರವಾಸಕ್ಕೆ ಪಂಚಾಂಗಕ್ಕಿಂತ ಕೊಯ್ಲಿನ ಲೆಕ್ಕವೇ ಮುಖ್ಯ.

ಸಫಾರಿ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣ. ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡೆಬೀಸ್ಟ್ ಮೃಗಗಳು ವಲಸೆ ಹೊರಟು ಮಾರಾ ನದಿ ದಾಟುವುದು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ. ಚೇಣಿಗೆ ಕೊಟ್ಟವರನ್ನು ಬಿಟ್ಟರೆ ಉಳಿದವರಿಗೆ ಅದು ಗೊನೆ ಇಳಿಸುವ, ಸುಲಿಯುವ, ಬೇಯಿಸುವ ಗಡಿಬಿಡಿಯ ಕಾಲ. ಅವೇ ಮೃಗಗಳು ಸೆರೆಂಗೆಟಿಯ ದಕ್ಷಿಣ ಬಯಲಿನಲ್ಲಿ ಮರಿ ಹಾಕುವುದು ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಅಡಿಕೆಯವರಿಗೆ ಇದು ಅನುಕೂಲ. ರೊಬಸ್ಟಾ ಕಾಫಿಯವರಿಗೆ ಆಗಲೂ ಕಣದ ಕೆಲಸವಿರುತ್ತದೆ. ಹಳದಿ ಜ್ವರದ ಚುಚ್ಚುಮದ್ದನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಜೊತೆಗಿಡಬೇಕು. ಅದಿಲ್ಲದೆ ಕೀನ್ಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕೆಲವು ದಿನ ಪ್ರತ್ಯೇಕವಾಗಿ ಇರಿಸಬಹುದು. ಬಿಡುವಾದರೆ ಕಿಲಿಮಂಜಾರೋ ತಪ್ಪಲನ್ನೂ ನೋಡಬೇಕು. ಅಲ್ಲಿ ಬಾಳೆಯ ನೆರಳಿನಲ್ಲಿ ಕಾಫಿ ಬೆಳೆಯುವ ಸಣ್ಣ ರೈತರು 1933ರಲ್ಲೇ ಸಹಕಾರ ಒಕ್ಕೂಟ ಕಟ್ಟಿಕೊಂಡವರು.

ಇಷ್ಟು ಖರ್ಚು ಮಾಡಿದರೂ ಅಲ್ಲಿನ ಕಾಡಿನಲ್ಲಿ ಕಾಣಸಿಗದ ಪ್ರಾಣಿಯೊಂದು ನಮ್ಮ ಜಗಳೂರು ತಾಲ್ಲೂಕಿನಲ್ಲಿದೆ. ಅದೇ ಕೊಂಡುಕುರಿ. ನಾಲ್ಕು ಕೊಂಬಿನ ಈ ಜೀವಿ ಭಾರತ, ನೇಪಾಳ ಬಿಟ್ಟರೆ ಬೇರಾವ ಕಾಡಿನಲ್ಲೂ ಇಲ್ಲ. ಕೊಂಬು ಗಂಡಿಗೆ ಮಾತ್ರ. ಎತ್ತರ ಸುಮಾರು ಎರಡಡಿ, ತೂಕ 20 ಕಿಲೋ ಆಸುಪಾಸು. ಇದರ ರಕ್ಷಣೆಗಾಗಿಯೇ ರಂಗಯ್ಯನದುರ್ಗದ ಸುಮಾರು 77 ಚದರ ಕಿ.ಮೀ. ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು.

ಆಫ್ರಿಕಾದ ಬಯಲಿನಲ್ಲಿ ಕಾಣುವಂತೆ ಇಲ್ಲಿ ಹಿಂಡು ಕಾಣದು. ಕೊಂಡುಕುರಿ ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನ ಮರೆಯಲ್ಲಿ, ನೀರಿಗೆ ಹತ್ತಿರವಾಗಿ ಬಾಳುವ ಪ್ರಾಣಿ. ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವುದರಿಂದ, ಆ ಗುಡ್ಡೆ ಕಂಡರೆ ಪ್ರಾಣಿ ಸುತ್ತಮುತ್ತ ಇದೆಯೆಂದು ತಿಳಿಯಬಹುದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಳಗಿನ ಹೊತ್ತು ಸದ್ದಿಲ್ಲದೆ ಕಾಯುವ ತಾಳ್ಮೆಯಿದ್ದವರು ಹೋಗಬೇಕು.

ಕುರುಚಲು ಕಾಡೆಂದರೆ ಪಾಳುಭೂಮಿ ಎಂಬ ಎಣಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಬೇಸಿಗೆಯ ಬೆಂಕಿ, ಉರುಳು, ನಾಯಿಗಳ ಹಿಂಡು, ಇವು ಈ ಸಾಧುಪ್ರಾಣಿಗೆ ಮೃತ್ಯು. ಕಾಡಿನಂಚಿನಲ್ಲಿ ಜಮೀನಿರುವವರು ತರಗು ಸುಡುವಾಗ ಕಿಡಿ ಅತ್ತ ಹಾರದಂತೆ ನೋಡಿಕೊಂಡರೆ, ಬೇಲಿಗೆ ಉರುಳು ಕಟ್ಟಗೊಡದಿದ್ದರೆ ಅದೇ ದೊಡ್ಡ ಉಪಕಾರ. ಆಫ್ರಿಕಾಕ್ಕೆ ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಹೋಗಬಹುದು. ಕೊಂಡುಕುರಿಯನ್ನು ಒಮ್ಮೆ ಕಳೆದುಕೊಂಡರೆ ಯಾವ ಧಾರಣೆಯ ಹಣವೂ ಅದನ್ನು ಮರಳಿ ತಂದುಕೊಡದು.