ಮರವಂತೆಯಲ್ಲಿ ನಿಂತ ಬಸ್ಸು

ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ; ನಡುವೆ ರಾಷ್ಟ್ರೀಯ ಹೆದ್ದಾರಿ 66. ಕಳೆದ ಭಾನುವಾರ ಸಂಜೆ ರಸ್ತೆಯಂಚಿಗೆ ನಿಂತ ಕಾರುಗಳಿಂದಾಗಿ ನಮ್ಮ ಬಸ್ಸು ಅಲ್ಲಾಡಲಿಲ್ಲ. ಮರುದಿನ ನನಗೆ ಇಂಟರ್ನಲ್ಸ್. ‘ದಂಡೆ ಸಮ ಮಾಡಿ ಪಾರ್ಕಿಂಗ್ ಮಾಡಬಾರದೇ?’ ಎಂದು ಗೊಣಗಿದೆ.

ಪಕ್ಕದಲ್ಲಿದ್ದ ಮೀನು ಮಾರುವ ಅಮ್ಮ ನಕ್ಕರು: ‘ಮಳಿಗಾಲದಗೆ ಕಡ್ಲ್ ಹೊಯ್ಗಿ ತಕಂಡ್ ಹೋಪುದ್ ಕಂಡಿದ್ಯಾ ಮಗಾ?’

ಬಿಇ ಸಿವಿಲ್ ಓದುವ ನಾನು ಸುಮ್ಮನಾದೆ. ಅಲೆಯ ಹೊಡೆತ ತಾಳುವುದು ಆ ಮರಳು, ಅದನ್ನು ಹಿಡಿದಿಡುವುದು ಅಲ್ಲಿ ಹಬ್ಬಿದ ಬಳ್ಳಿ. ಅವೆರಡೂ ಹೋದರೆ ಕಡಲಿಗೆ ಮುಂದಿನ ತುತ್ತು ಹೆದ್ದಾರಿಯೇ. ಕಾರುಗಳನ್ನು ದಂಡೆಯಿಂದ ದೂರ ನಿಲ್ಲಿಸಿ, ಅಲ್ಲಿಂದ ಮಿನಿ ಬಸ್ಸು ಓಡಿಸಿದರೆ ರಸ್ತೆಯೂ ಉಳಿದೀತು, ದಂಡೆಯೂ.

ಪ್ರತಿಸಲ ಐದು ಬೈಕಿನಲ್ಲಿ ಬೀಚಿಗೆ ಹೋಗುವ ನಮ್ಮ ಗೆಳೆಯರ ಗುಂಪು ಮುಂದಿನ ಸಲ ಬಸ್ಸಿನಲ್ಲೇ ಹೋಗಲಿದೆ. ನೀವು?